ಒಡಂಬಡಿಕೆಗಳ ಎಣಿಕೆ ಸಾಕು, ಸೆಮಿಸ್ಟರ್‌ಗಳ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳು ವಿದೇಶಿ ವಿಶ್ವವಿದ್ಯಾಲಯಗಳೊಡನೆ ಒಡಂಬಡಿಕೆಗೆ ಸಹಿ ಹಾಕಿದ ಸುದ್ದಿ, ಕುಲಪತಿಗಳೂ ಅತಿಥಿಗಳೂ ಕಡತ ವಿನಿಮಯ ಮಾಡಿಕೊಳ್ಳುವ ಚಿತ್ರದ ಸಮೇತ, ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತಿರುತ್ತದೆ. ಆದರೆ ಆ ಒಡಂಬಡಿಕೆಯ ಅಡಿಯಲ್ಲಿ ಎಷ್ಟು ವಿದ್ಯಾರ್ಥಿಗಳು ಒಂದು ಸೆಮಿಸ್ಟರ್ ಹೊರದೇಶದಲ್ಲಿ ಓದಿ ಬಂದರು, ಅವರು ಅಲ್ಲಿ ಗಳಿಸಿದ ಕ್ರೆಡಿಟ್‌ಗಳಲ್ಲಿ (ಓದಿನ ಪ್ರಮಾಣವನ್ನು ಅಳೆಯುವ ಮಾನ) ಎಷ್ಟು ಇಲ್ಲಿನ ಅಂಕಪಟ್ಟಿಗೆ ಸೇರಿದವು, ಹೋಗಿಬಂದವರಲ್ಲಿ ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪದವಿ ಮುಗಿಸಿದವರು ಎಷ್ಟು ಮಂದಿ ಎಂಬ ಸುದ್ದಿಯನ್ನು ಓದಿದ ನೆನಪು ನನಗಿಲ್ಲ. ಅಂಥ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ ಈ ಮೂರು ಪ್ರಶ್ನೆಗಳೇ ಮುಖ್ಯವೆನಿಸುತ್ತವೆ. ಸಹಿಯಾದ ಕಾಗದಗಳ ಸಂಖ್ಯೆಯಿಂದ ಒಂದು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ಸಂಬಂಧ ಎಷ್ಟು ಗಟ್ಟಿಯೆಂದು ತಿಳಿಯುವುದಿಲ್ಲ.

ನಾನು ಕಂಡ ಒಂದು ಪ್ರಕರಣವನ್ನು ಹೇಳುತ್ತೇನೆ. ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಮುಂದೆ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್ಸಿ.ಗೆ ಸೇರಿದ ವಿದ್ಯಾರ್ಥಿನಿಯೊಬ್ಬಳು ವಿನಿಮಯ ಕಾರ್ಯಕ್ರಮದಲ್ಲಿ ಆಯ್ಕೆಯಾಗಿ ಮೂರನೆಯ ಸೆಮಿಸ್ಟರನ್ನು ಜರ್ಮನಿಯಲ್ಲಿ ಓದಿ ಬಂದಳು. ಅಲ್ಲಿ ಪ್ರಯೋಗಾಲಯದ ಕೆಲಸವೂ ಸೇರಿ ಒಂದು ಸೆಮಿಸ್ಟರಿಗೆ ನಿಗದಿಯಾದ ಮೂವತ್ತು ಕ್ರೆಡಿಟ್‌ಗಳನ್ನು ಪೂರ್ತಿಯಾಗಿ ಗಳಿಸಿ, 1.7ರ ಸರಾಸರಿ ಶ್ರೇಣಿಯೊಂದಿಗೆ ಹಿಂತಿರುಗಿದಳು. ಜರ್ಮನಿಯಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ಬಂದರೆ ತೇರ್ಗಡೆಯ ಅಂಚು. ನಮ್ಮಲ್ಲಿ ಹತ್ತಕ್ಕೆ ಹತ್ತು ಅತ್ಯುತ್ತಮ. ಪರೀಕ್ಷಾ ವಿಭಾಗದ ಮೇಜಿನ ಮೇಲೆ ಆ ಅಂಕಪಟ್ಟಿ ಇಟ್ಟಾಗ ಅವಳಿಗೆ ಎದುರಾದ ಮೊದಲ ಪ್ರಶ್ನೆ, ‘ಹತ್ತಕ್ಕೆ ಒಂದೂ ಮುಕ್ಕಾಲು ಅಂದರೆ ಫೇಲ್ ಅಲ್ಲವೇನಮ್ಮ?’ ಎಂಬುದು. ಅದನ್ನು ವಿವರಿಸಿದ ಮೇಲೆ ಎರಡನೆಯ ತೊಡಕು ಬಂತು: ಅಲ್ಲಿ ಓದಿದ ಪತ್ರಿಕೆಗಳ ಶೀರ್ಷಿಕೆಯಾಗಲಿ ಸಂಕೇತ ಸಂಖ್ಯೆಯಾಗಲಿ ಇಲ್ಲಿನ ಪಠ್ಯಕ್ರಮದಲ್ಲಿ ಇರಲಿಲ್ಲ. ಕಡತ ವಿಭಾಗದ ಮುಖ್ಯಸ್ಥರಿಂದ ಅಧ್ಯಯನ ಮಂಡಳಿಗೆ, ಅಲ್ಲಿಂದ ಕುಲಸಚಿವರ ಕಚೇರಿಗೆ ಅಲೆದು, ಕೊನೆಗೆ ‘ನಿಯಮಾವಳಿಯಲ್ಲಿ ಅವಕಾಶವಿಲ್ಲ’ ಎಂಬ ಟಿಪ್ಪಣಿ ಹೊತ್ತು ಹಿಂದಿರುಗಿತು. ಅವಳು ಕಿರಿಯ ತಂಡದ ಜೊತೆ ಕೂತು ಮೂರನೆಯ ಸೆಮಿಸ್ಟರಿನ ಪರೀಕ್ಷೆಗಳನ್ನು ಬರೆದು ಪದವಿ ಪಡೆದಳು. ಒಂದು ವರ್ಷ ಹೋಯಿತು. ಆ ಗುಮಾಸ್ತರನ್ನು ನಾನು ದೂರುವುದಿಲ್ಲ. ಹೊರದೇಶದ ಅಂಕಪಟ್ಟಿಯನ್ನು ಹೇಗೆ ಓದಬೇಕೆಂದು ಅವರಿಗೆ ಯಾರೂ ಒಂದು ಪುಟದ ಸೂಚನೆಯನ್ನೂ ಬರೆದುಕೊಟ್ಟಿರಲಿಲ್ಲ. ಒಡಂಬಡಿಕೆಗೆ ಸಹಿ ಹಾಕಿದವರು ಆ ಕೆಲಸ ಮಾಡಬೇಕಿತ್ತು.

ಯುರೋಪಿನಲ್ಲಿ ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿದ್ದಾರೆ. 1987ರಲ್ಲಿ ಆರಂಭವಾದ ಎರಾಸ್ಮಸ್ ಕಾರ್ಯಕ್ರಮದಲ್ಲಿ ವಿದ್ಯಾರ್ಥಿ ಹೊರಡುವುದಕ್ಕೆ ಮುಂಚೆಯೇ ಕಲಿಕಾ ಒಪ್ಪಂದವೊಂದು ಸಿದ್ಧವಾಗುತ್ತದೆ. ಅಲ್ಲಿ ಯಾವ ಯಾವ ಪತ್ರಿಕೆಗಳನ್ನು ಓದಬೇಕು, ಅವು ಇಲ್ಲಿನ ಯಾವ ಪತ್ರಿಕೆಗಳ ಬದಲಿಗೆ ಸಲ್ಲುತ್ತವೆ, ಎಷ್ಟು ಕ್ರೆಡಿಟ್ ಎಂಬುದನ್ನೆಲ್ಲ ಬರೆದು, ವಿದ್ಯಾರ್ಥಿ, ಕಳಿಸುವ ವಿಶ್ವವಿದ್ಯಾಲಯ ಮತ್ತು ಬರಮಾಡಿಕೊಳ್ಳುವ ವಿಶ್ವವಿದ್ಯಾಲಯ, ಈ ಮೂವರೂ ಸಹಿ ಹಾಕುತ್ತಾರೆ. ಹಿಂದಿರುಗಿದ ಮೇಲೆ ಚೌಕಾಸಿಗೆ ಅವಕಾಶವಿರುವುದಿಲ್ಲ. ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್ ಎಂಬ ಸಮಾನ ಅಳತೆ ಇರುವುದರಿಂದ ಲಿಸ್ಬನ್‌ನಲ್ಲಿ ಓದಿದ್ದು ವಾರ್ಸಾದಲ್ಲಿ ಸಲ್ಲುತ್ತದೆ. ಈಗಿನ ಎರಾಸ್ಮಸ್ ಪ್ಲಸ್ ಕಾರ್ಯಕ್ರಮ ಯುರೋಪಿನ ಹೊರಗಿನ ದೇಶಗಳಿಗೂ ತೆರೆದಿದ್ದು, ಭಾರತದಿಂದ ವಿನಿಮಯದ ಮೇಲೆ ಹೋಗುವವರಿಗೆ ತಿಂಗಳಿಗೆ ಸುಮಾರು 800ರಿಂದ 900 ಯೂರೋ ನಿರ್ವಹಣಾ ವೇತನವನ್ನೂ ಪ್ರಯಾಣದ ನೆರವನ್ನೂ ಕೊಡುತ್ತದೆ. ಅಲ್ಲಿನ ಬೋಧನಾ ಶುಲ್ಕ ಕಟ್ಟಬೇಕಾಗಿಲ್ಲ. ಅವರ ಕಡೆಯಿಂದ ಹಣವೂ ಇದೆ, ನಮೂನೆಯೂ ಇದೆ. ನಮ್ಮ ಕಡೆಯಿಂದ ಬೇಕಾಗಿರುವುದು ಆ ನಮೂನೆಗೆ ಹಾಕುವ ಸಹಿಗೆ ನಿಯಮದ ಬಲ.

ಅಂಥ ಬಲ ಕೊಡಲು ಮೇಲಿನಿಂದ ಅಡ್ಡಿಯೇನೂ ಇಲ್ಲವೆಂಬುದನ್ನು ಗಮನಿಸಬೇಕು. ವಿದ್ಯಾರ್ಥಿ ಬೇರೆ ಬೇರೆ ಕಡೆ ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳನ್ನು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರಲ್ಲಿ ಹೊರಡಿಸಿತು. ಅದೇ ವರ್ಷ ಪ್ರತಿ ವಿಶ್ವವಿದ್ಯಾಲಯದಲ್ಲೂ ಅಂತರರಾಷ್ಟ್ರೀಯ ವ್ಯವಹಾರಗಳ ಕಚೇರಿ ಇರಬೇಕೆಂಬ ಮಾರ್ಗಸೂಚಿಯನ್ನೂ ಕೊಟ್ಟಿತು. 2022ರ ನಿಯಮಾವಳಿಯಂತೆ ಟ್ವಿನ್ನಿಂಗ್ (ಓದಿನ ಒಂದು ಭಾಗ ವಿದೇಶದಲ್ಲಿ, ಪದವಿ ಇಲ್ಲಿಯದು), ಜಂಟಿ ಪದವಿ (ಎರಡೂ ಸಂಸ್ಥೆಗಳು ಸೇರಿ ಕೊಡುವುದು) ಮತ್ತು ಜೋಡಿ ಪದವಿಗಳಿಗೆ (ಎರಡೂ ಪ್ರತ್ಯೇಕವಾಗಿ ಕೊಡುವುದು) ಅವಕಾಶವಿದೆ. ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕವಿರುವ ಅಥವಾ ಕೇಂದ್ರ ಸರ್ಕಾರದ ಶ್ರೇಯಾಂಕವಾದ ಎನ್‌ಐಆರ್‌ಎಫ್‌ನ ವಿಶ್ವವಿದ್ಯಾಲಯಗಳ ಪಟ್ಟಿಯ ಮೊದಲ ನೂರರಲ್ಲಿರುವ ಸಂಸ್ಥೆಯು ಜಾಗತಿಕ ಶ್ರೇಯಾಂಕದ ಮೊದಲ ಸಾವಿರದೊಳಗಿನ ವಿಶ್ವವಿದ್ಯಾಲಯದೊಡನೆ ಯುಜಿಸಿಯ ಪೂರ್ವಾನುಮತಿ ಇಲ್ಲದೆಯೇ ಇವನ್ನು ಆರಂಭಿಸಬಹುದು. ಟ್ವಿನ್ನಿಂಗ್‌ನಲ್ಲಿ ಒಟ್ಟು ಕ್ರೆಡಿಟ್‌ಗಳ ಶೇ 30ರವರೆಗೆ ಹೊರದೇಶದಲ್ಲಿ ಗಳಿಸಿದ್ದಾಗಿರಬಹುದು. ನಮ್ಮ ನೆಲಕ್ಕೂ ಇದು ಹೊಸದಲ್ಲ. ಮಣಿಪಾಲದಲ್ಲಿ ಮೊದಲ ಎರಡು ವರ್ಷ ಎಂಜಿನಿಯರಿಂಗ್ ಓದಿ, ಗಳಿಸಿದ ಕ್ರೆಡಿಟ್‌ಗಳ ಸಮೇತ ವಿದೇಶಿ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಪದವಿ ಮುಗಿಸುವ ವ್ಯವಸ್ಥೆ 1994ರಲ್ಲೇ ಆರಂಭವಾಗಿತ್ತು. ಶುಲ್ಕ ಕಟ್ಟಬಲ್ಲ ಮನೆಯ ಮಕ್ಕಳಿಗೆ ಅಷ್ಟು ಹಿಂದೆಯೇ ದಕ್ಕಿದ ಅನುಕೂಲ ಸರ್ಕಾರಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ಇಂದಿಗೂ ಸರಾಗವಾಗಿ ಸಿಗುತ್ತಿಲ್ಲವೆಂದರೆ ಅದಕ್ಕೆ ಕಾರಣ ಕಾನೂನಲ್ಲ, ನಮ್ಮ ಉದಾಸೀನ.

ಕಚೇರಿಯ ವಿಷಯಕ್ಕೆ ಬರೋಣ. ಅಂತರರಾಷ್ಟ್ರೀಯ ಕೇಂದ್ರದ ಫಲಕ ಹಲವು ಕಡೆ ಇದೆ. ಅದರ ಹೊಣೆಯನ್ನು ಸಾಮಾನ್ಯವಾಗಿ ಯಾವುದಾದರೂ ವಿಭಾಗದ ಪ್ರಾಧ್ಯಾಪಕರಿಗೆ ಹೆಚ್ಚುವರಿಯಾಗಿ ವಹಿಸಿರುತ್ತಾರೆ. ಅವರು ತಮ್ಮ ತರಗತಿ, ಸಂಶೋಧನಾ ವಿದ್ಯಾರ್ಥಿಗಳು, ಮೌಲ್ಯಮಾಪನ ಎಲ್ಲ ಮುಗಿಸಿ ಉಳಿದ ಸಮಯದಲ್ಲಿ ಈ ಕೆಲಸ ನೋಡಬೇಕು. ಅವರು ವಿದೇಶಿ ಕಚೇರಿಗಳ ಜೊತೆ ಪತ್ರವ್ಯವಹಾರದ ರೂಢಿ ಗಳಿಸುವಷ್ಟರಲ್ಲಿ ಅವಧಿ ಮುಗಿದು ಇನ್ನೊಬ್ಬರು ಬರುತ್ತಾರೆ. ಇದು ಪೂರ್ಣಾವಧಿಯ ಕೆಲಸ. ವಿದ್ಯಾರ್ಥಿಗೆ ಯಾವ ದೇಶಕ್ಕೆ ಯಾವಾಗ ಅರ್ಜಿ ಹಾಕಬೇಕೆಂದು ಹೇಳುವುದು, ವೀಸಾಕ್ಕೆ ಬೇಕಾದ ಪತ್ರಗಳನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಹೋದವರು ಅಲ್ಲಿ ಕಾಯಿಲೆ ಬಿದ್ದರೆ ಅಥವಾ ವಸತಿ ಸಿಗದಿದ್ದರೆ ಫೋನ್ ಎತ್ತುವುದು, ಇವೆಲ್ಲ ಅದರಲ್ಲಿ ಸೇರಿವೆ.

ಟ್ರಾನ್ಸ್‌ಕ್ರಿಪ್ಟ್ ಎಂಬ ಕಾಗದಕ್ಕಾಗಿ ನಮ್ಮ ಮಕ್ಕಳು ಪಡುವ ಪಾಡನ್ನು ತಮ್ಮ ಓದುಗರಲ್ಲಿ ಅನೇಕರು ಬಲ್ಲರು. ಎಲ್ಲ ಸೆಮಿಸ್ಟರ್‌ಗಳ ಅಂಕಗಳನ್ನು ಒಟ್ಟುಗೂಡಿಸಿ, ಮೊಹರು ಮಾಡಿದ ಲಕೋಟೆಯಲ್ಲಿ ಕೊಡಬೇಕಾದ ಆ ದಾಖಲೆಗೆ ಚಲನ್ ಕಟ್ಟಿ, ಕೌಂಟರಿನಿಂದ ಕೌಂಟರಿಗೆ ತಿರುಗಿ, ದೂರದ ಊರಿನಿಂದ ಬಸ್ಸಿನಲ್ಲಿ ಮತ್ತೆ ಮತ್ತೆ ಬರಬೇಕು. ಇದಕ್ಕಿಂತ ದೊಡ್ಡದು ವೇಳಾಪಟ್ಟಿಯ ಸಮಸ್ಯೆ. ಜರ್ಮನಿಯ ಬಹುಪಾಲು ವಿಶ್ವವಿದ್ಯಾಲಯಗಳಲ್ಲಿ ಚಳಿಗಾಲದ ಸೆಮಿಸ್ಟರಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಜುಲೈ 15 ಕೊನೆಯ ದಿನ. ಅಂತರರಾಷ್ಟ್ರೀಯ ವಿದ್ಯಾರ್ಥಿಗಳಿಗೆ ಕೆಲವು ಕಡೆ ಇನ್ನೂ ಮುಂಚೆ. ನಮ್ಮಲ್ಲಿ ಅಂತಿಮ ಸೆಮಿಸ್ಟರಿನ ಪರೀಕ್ಷೆಯೇ ಮುಂದಕ್ಕೆ ಹೋಗಿ, ಫಲಿತಾಂಶ ಆಗಸ್ಟ್ ದಾಟಿ ಬಂದರೆ ಆ ವರ್ಷ ಅವರಿಗೆ ಮುಗಿದಂತೆಯೇ. ಹೊತ್ತಿಗೆ ಸರಿಯಾಗಿ ಪರೀಕ್ಷೆ ನಡೆಸಿ ಫಲಿತಾಂಶ ಕೊಡುವುದಕ್ಕಿಂತ ದೊಡ್ಡ ಅಂತರರಾಷ್ಟ್ರೀಯ ಕಾರ್ಯಕ್ರಮ ನಮ್ಮ ವಿಶ್ವವಿದ್ಯಾಲಯಗಳಿಗೆ ಸದ್ಯಕ್ಕೆ ಇನ್ನೊಂದಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೇನೆ.

ಇನ್ನು ಹಣದ ಮಾತು. ಪೂರ್ಣ ಪದವಿಗೆ ಸ್ವಂತ ಖರ್ಚಿನಲ್ಲಿ ಜರ್ಮನಿಗೆ ಹೋಗುವವರು ವರ್ಷಕ್ಕೆ 11,904 ಯೂರೋಗಳನ್ನು ಮುಂಗಡವಾಗಿ ಬ್ಲಾಕ್ಡ್ ಖಾತೆಯಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ಇಟ್ಟಿರಬೇಕು; ದಾಖಲೆ ಪರಿಶೀಲನೆಯ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ ಬೇರೆ. ಎರಡು ಎಕರೆ ಜಮೀನಿನ ಮನೆಯವರು ಇದನ್ನು ಎಲ್ಲಿಂದ ಹೊಂದಿಸಬೇಕು? ಪರಿಶಿಷ್ಟ ಜಾತಿ ಮತ್ತಿತರ ಸಮುದಾಯಗಳಿಗಾಗಿ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. ವಿದೇಶಿ ಓದಿಗೆ ನೆರವು ಕೊಡುವ, ರಾಜ್ಯದ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ ಇದೆ. ಇವು ಬಹಳ ಬೆಲೆಯುಳ್ಳ ಯೋಜನೆಗಳು, ಇನ್ನೂ ಬೆಳೆಯಬೇಕು. ಆದರೆ ಇವು ಪೂರ್ಣಾವಧಿ ಪದವಿಗಾಗಿ ರೂಪುಗೊಂಡವು. ಸರ್ಕಾರಿ ವಿಶ್ವವಿದ್ಯಾಲಯದಲ್ಲೇ ಓದುತ್ತಾ ಒಂದು ಸೆಮಿಸ್ಟರಿಗೆ ಮಾತ್ರ ಹೊರಹೋಗುವ ವಿದ್ಯಾರ್ಥಿಗೆ ಬೇಕಾಗುವುದು ಇದಕ್ಕಿಂತ ತುಂಬಾ ಚಿಕ್ಕ ಮೊತ್ತ, ಆದರೆ ಅದು ಮೊದಲೇ ಕೈಗೆ ಸಿಗಬೇಕು. ವಿದ್ಯಾರ್ಥಿವೇತನದ ಮೊದಲ ಕಂತು ಅಲ್ಲಿಗೆ ತಲುಪಿ ಬ್ಯಾಂಕ್ ಖಾತೆ ತೆರೆದ ಮೇಲೆ ಬರುವುದುಂಟು. ಪಾಸ್‌ಪೋರ್ಟ್, ವೀಸಾ, ವಿಮೆ, ವಿಮಾನದ ಟಿಕೆಟ್, ಕೊಠಡಿಯ ಮುಂಗಡ ಇವೆಲ್ಲ ಅದಕ್ಕೆ ಮುಂಚಿನ ಖರ್ಚುಗಳು. ನಾನು ಮೇಲೆ ಹೇಳಿದ ವಿದ್ಯಾರ್ಥಿನಿಯ ತಾಯಿ ಸ್ವಸಹಾಯ ಸಂಘದಿಂದ ಸಾಲ ತಂದು ಟಿಕೆಟ್ ತೆಗೆಸಿದ್ದರು. ವಿಶ್ವವಿದ್ಯಾಲಯವೇ ಒಂದು ಸುತ್ತುನಿಧಿ ಇಟ್ಟು, ಆಯ್ಕೆಯಾದವರಿಗೆ ಬಡ್ಡಿಯಿಲ್ಲದ ಮುಂಗಡ ಕೊಟ್ಟು, ಕಂತು ಬಂದ ಮೇಲೆ ವಾಪಸು ಪಡೆದರೆ ಯಾವ ತಾಯಿಯೂ ಸಾಲಕ್ಕೆ ಕೈಚಾಚಬೇಕಾಗಿಲ್ಲ.

ಹೊರದೇಶದ ಓದು ಎಂದೊಡನೆ ಎಂಜಿನಿಯರಿಂಗ್ ಮತ್ತು ಮ್ಯಾನೇಜ್‌ಮೆಂಟ್ ಮಾತ್ರ ನೆನಪಿಗೆ ಬರುವುದೂ ಸರಿಯಲ್ಲ. ಕರ್ನಾಟಕಕ್ಕೂ ಜರ್ಮನಿಯ ಬವೇರಿಯ ರಾಜ್ಯಕ್ಕೂ 2007ರಿಂದ ಪಾಲುದಾರಿಕೆ ಇದೆ. ಅದೇ ಬವೇರಿಯದ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾಲಯದ ಭಾರತಶಾಸ್ತ್ರ ವಿಭಾಗದಲ್ಲಿ ಕನ್ನಡ ಕಲಿಸಿದ್ದಾರೆ, ತುಳುನಾಡಿನ ಜನಪದ ಕಥನಗೀತೆಗಳಾದ ಪಾಡ್ದನಗಳ ಮೇಲೆ ಗಂಭೀರ ಸಂಶೋಧನೆ ನಡೆಸಿದ್ದಾರೆ. ನಮ್ಮ ಕನ್ನಡ ಎಂ.ಎ. ಅಥವಾ ಜಾನಪದ ವಿಭಾಗದ ವಿದ್ಯಾರ್ಥಿ ಅಂಥ ಕಡೆ ಒಂದು ಸೆಮಿಸ್ಟರ್ ಕಳೆದರೆ, ತನ್ನ ಊರಿನ ಕೋಲ, ಯಕ್ಷಗಾನಗಳನ್ನು ಬೇರೊಂದು ವಿದ್ವತ್ ಪರಂಪರೆ ಹೇಗೆ ಓದುತ್ತದೆಂದು ನೋಡುತ್ತಾನೆ. ಅಲ್ಲಿನವರಿಗೆ ಮಾತಿನ ಕನ್ನಡದ ಒಳಸುಳಿಗಳನ್ನು ತಾನೇ ಕಲಿಸಬಲ್ಲ. ಕೊಡುಕೊಳ್ಳುವಿಕೆ ಸಮಸಮವಾಗಿ ನಡೆಯಬಹುದಾದ ಇಂಥ ವಿಷಯಗಳನ್ನು ವಿನಿಮಯದ ಪಟ್ಟಿಯ ತುದಿಗೆ ತಳ್ಳಿರುವುದು ನನಗೆ ನೋವು ತರುತ್ತದೆ.

ಬರುವವರ ಬಗ್ಗೆಯೂ ಒಂದು ಮಾತು. ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಂತೆ 2021–22ರಲ್ಲಿ ದೇಶದಲ್ಲಿ ಓದುತ್ತಿದ್ದ ವಿದೇಶಿ ವಿದ್ಯಾರ್ಥಿಗಳು 46,878. ಅವರಲ್ಲಿ ದೊಡ್ಡ ಪಾಲು ಬರುವ ರಾಜ್ಯಗಳಲ್ಲಿ ನಮ್ಮದೂ ಒಂದು. ಮೈಸೂರಿನ ಬೀದಿಗಳಿಗೆ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ವಿದ್ಯಾರ್ಥಿಗಳು ಹೊಸಬರಲ್ಲ. ಅವರ ದೇಶಗಳ ವಿಶ್ವವಿದ್ಯಾಲಯಗಳಿಗೂ ನಮ್ಮ ವಿದ್ಯಾರ್ಥಿಗಳನ್ನು ಕಳಿಸುವ ಯೋಚನೆ ಏಕಿಲ್ಲ? ಒಣಬೇಸಾಯ, ಮರುಭೂಮಿಯ ನೀರಿನ ನಿರ್ವಹಣೆಯಂಥ ವಿಷಯಗಳಲ್ಲಿ ಅಲ್ಲಿ ಕಲಿಯುವುದು ಬಹಳವಿದೆ.

2024–25ರಿಂದ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿದೆ. ಬಡ ಮಕ್ಕಳು ಬೇಗ ಪದವಿ ಮುಗಿಸಿ ದುಡಿಮೆಗೆ ಇಳಿಯಬೇಕಾದ ನಮ್ಮ ಸ್ಥಿತಿಯಲ್ಲಿ ಅದು ತಪ್ಪೆಂದು ನಾನು ಹೇಳಲಾರೆ. ಯುರೋಪಿನ ಅನೇಕ ದೇಶಗಳಲ್ಲಿ ಮೊದಲ ಪದವಿಯೇ ಮೂರು ವರ್ಷದ್ದು. ಆದರೆ ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಪ್ರವೇಶಕ್ಕೆ ನಾಲ್ಕು ವರ್ಷದ ಪದವಿಯನ್ನು ಬಯಸುತ್ತವೆ. ಈ ವಿಷಯವನ್ನು ಮೊದಲ ಸೆಮಿಸ್ಟರಿಗೆ ಸೇರುವಾಗಲೇ ವಿದ್ಯಾರ್ಥಿಗೆ ತಿಳಿಸಿದರೆ ಅವನು ಎಂ.ಎಸ್ಸಿ. ಮುಗಿಸಿ ಹೋಗಬೇಕೇ, ಬೇರೆ ದೇಶ ಆರಿಸಬೇಕೇ ಎಂದು ಮೊದಲೇ ಯೋಚಿಸುತ್ತಾನೆ. ತಿಳಿಸದಿದ್ದರೆ ಖಾಸಗಿ ಸಲಹಾ ಏಜೆನ್ಸಿಯವರು ಹಣ ತೆಗೆದುಕೊಂಡು, ತಮಗೆ ಕಮಿಷನ್ ಬರುವ ಕಾಲೇಜಿನ ಹೆಸರು ಹೇಳುತ್ತಾರೆ.

ವಿದೇಶಿ ವಿಶ್ವವಿದ್ಯಾಲಯಗಳು ಇಲ್ಲಿಗೇ ಬರುತ್ತಿರುವುದರಿಂದ ಇನ್ನು ಹೊರಗೆ ಹೋಗುವ ಅಗತ್ಯವೇನು ಎಂದು ಕೆಲವರು ಕೇಳುತ್ತಾರೆ. ಲಿವರ್‌ಪೂಲ್ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಲ್ಲಿ ಕ್ಯಾಂಪಸ್ ತೆರೆಯಲು 2025ರ ಮೇ ತಿಂಗಳಲ್ಲಿ ಒಪ್ಪಿಗೆ ಪತ್ರ ಸಿಕ್ಕಿದೆ. ಅದು ಸ್ವಾಗತಾರ್ಹವೇ. ಆದರೆ ಶುಲ್ಕದ ಲೆಕ್ಕದಲ್ಲಿ ಅಂಥ ಕ್ಯಾಂಪಸ್ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಎಟುಕುವುದು ಕಷ್ಟ. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಬ್ರಿಟಿಷ್ ಕೌನ್ಸಿಲ್ ಜೊತೆಗೂಡಿ ಸರ್ಕಾರಿ ವಿಶ್ವವಿದ್ಯಾಲಯಗಳ ಪದವಿ ವಿದ್ಯಾರ್ಥಿಗಳನ್ನು ‘ಸ್ಕೌಟ್’ ಕಾರ್ಯಕ್ರಮದಡಿ ಬ್ರಿಟನ್ನಿಗೆ ಅಲ್ಪಾವಧಿಗೆ ಕಳಿಸಿರುವುದು ಒಳ್ಳೆಯ ಹೆಜ್ಜೆ. ಆ ಅಲ್ಪಾವಧಿಯನ್ನು ಸೆಮಿಸ್ಟರಿಗೆ ಹಿಗ್ಗಿಸುವ ಹೊಣೆಯೂ ಪರಿಷತ್ತಿನದೇ.

ಪರಿಷತ್ತು ಎಲ್ಲ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಅನ್ವಯಿಸುವ ಒಂದು ಮಾದರಿ ಕಲಿಕಾ ಒಪ್ಪಂದವನ್ನೂ, ಜರ್ಮನ್ ವಿಶ್ವವಿದ್ಯಾಲಯಗಳು ನಮ್ಮ ಅಂಕಗಳನ್ನು ಅಳೆಯಲು ಬಳಸುವ ಮಾರ್ಪಡಿಸಿದ ಬವೇರಿಯನ್ ಸೂತ್ರದಂಥ ಶ್ರೇಣಿ ಪರಿವರ್ತನೆಯ ಕೋಷ್ಟಕವನ್ನೂ ಸಿದ್ಧಪಡಿಸಿ ಕೊಡಲಿ. ವಿಶ್ವವಿದ್ಯಾಲಯಗಳು ತಮ್ಮ ವಾರ್ಷಿಕ ವರದಿಯಲ್ಲಿ ಒಡಂಬಡಿಕೆಗಳ ಪಟ್ಟಿಯ ಪಕ್ಕದಲ್ಲೇ, ಪ್ರತಿಯೊಂದರ ಅಡಿಯಲ್ಲಿ ಹೋದವರೆಷ್ಟು, ಬಂದವರೆಷ್ಟು, ಮಾನ್ಯವಾದ ಕ್ರೆಡಿಟ್ ಎಷ್ಟು ಎಂಬುದನ್ನು ಪ್ರಕಟಿಸಲಿ. ಮಾನ್ಯತೆಯ ನಿಯಮಕ್ಕೆ ಬೇಕಾಗಿರುವುದು ಆಯಾ ವಿಶ್ವವಿದ್ಯಾಲಯದ ವಿದ್ಯಾವಿಷಯಕ ಪರಿಷತ್ತಿನ ಒಪ್ಪಿಗೆ ಮತ್ತು ಅದನ್ನು ಅನುಸರಿಸುವ ಒಂದು ಸುತ್ತೋಲೆ. ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶಾತಿ ಆರಂಭವಾಗುವ ಮುನ್ನ ನಡೆಯುವ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ರಾಜ್ಯದ ಎಲ್ಲ ಕುಲಪತಿಗಳನ್ನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಪ್ರಾಧ್ಯಾಪಕ,
ಹಾಸನ