ಸಾಲದ ಬಗ್ಗೆಯೂ ಕೇಳಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ನಮಸ್ಕಾರ. ನಾನು ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಆಪ್ತ ಸಮಾಲೋಚಕಿ. ಹೊಸಬರು ಬಂದಾಗ ಮೊದಲು ಒಂದು ಫಾರಂ ತುಂಬಿಸಬೇಕು. ವಯಸ್ಸು ಎಷ್ಟು, ಕುಡಿತ ಶುರುವಾಗಿ ಎಷ್ಟು ವರ್ಷ, ದಿನಕ್ಕೆ ಎಷ್ಟು, ಬೆಳಿಗ್ಗೆ ಕೈ ನಡುಗುತ್ತದಾ, ಹಿಂದೆ ಯಾವಾಗಲಾದರೂ ಬಿಟ್ಟಿದ್ದಿರಾ. ಎಲ್ಲವೂ ಬೇಕಾದ ಪ್ರಶ್ನೆಗಳೇ. ಆದರೆ ಮಾತಾಡುವಷ್ಟು ಹೊತ್ತೂ ಅವರ ಫೋನ್ ಮೇಜಿನ ಮೇಲೆ ಬೋರಲಾಗಿ ಬಿದ್ದಿರುತ್ತದೆ. ಗುಂಯ್ ಅನ್ನುತ್ತಲೇ ಇರುತ್ತದೆ. ಅವರು ಎತ್ತುವುದಿಲ್ಲ. ಜೊತೆಗೆ ಬಂದ ಹೆಂಡತಿ ನೆಲ ನೋಡುತ್ತಾ ಕೂತಿರುತ್ತಾರೆ. ಅದು ಸಾಲ ವಸೂಲಿಯವರ ಕರೆ. ನಮ್ಮ ಫಾರಂನಲ್ಲಿ ಸಾಲಕ್ಕೆ ಒಂದು ಕಾಲಂ ಇಲ್ಲ.

ಕೆಲಸ ಹೋದರೆ ಅದು ಕಾರ್ಮಿಕ ಇಲಾಖೆಗೆ ಸೇರಿದ್ದು. ಸಾಲ ಹಣಕಾಸು ಇಲಾಖೆಗೆ. ಹೆಂಡ ಅಬಕಾರಿಗೆ, ಅದೂ ಬರೀ ಆದಾಯದ ಲೆಕ್ಕದಲ್ಲಿ. ಆತ್ಮಹತ್ಯೆಯಾದರೆ ಪೊಲೀಸರ ಫೈಲು. ಇವೆಲ್ಲ ನಡೆಯುವುದು ಒಬ್ಬನೇ ಮನುಷ್ಯನ ಮೇಲೆ, ಒಂದೇ ಮನೆಯಲ್ಲಿ. ನಿಮ್ಮ ಇಲಾಖೆಗೆ ಅವನು ಸಿಗುವುದು ಲಿವರ್ ಕೆಟ್ಟ ಮೇಲೆ.

ಕೆಲಸ ಹೋದವನಿಗೆ ಮೊದಲು ನಿದ್ದೆ ಹೋಗುತ್ತದೆ. ನಿದ್ದೆ ಬರಲಿ ಅಂತ ಒಂದು ಪೆಗ್. ಆಮೇಲೆ ಅದಿಲ್ಲದೆ ಆಗುವುದಿಲ್ಲ. ಸಿಕ್ಕ ಸಣ್ಣಪುಟ್ಟ ಕೆಲಸವೂ ಕುಡಿತದಿಂದ ಕೈತಪ್ಪುತ್ತದೆ, ಬಡ್ಡಿ ಏರುತ್ತದೆ, ನೆಂಟರಿಷ್ಟರಿಗೆ ಮುಖ ತೋರಿಸಲು ನಾಚಿಕೆ. ನಶೆಯಲ್ಲಿದ್ದಾಗ ಎರಡನೇ ಸಲ ಯೋಚಿಸುವ ಶಕ್ತಿಯೂ ಉಳಿದಿರುವುದಿಲ್ಲ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಆತ್ಮಹತ್ಯೆಗೆ ಒಂದೇ ಕಾರಣ ಇರುವುದಿಲ್ಲ. ಎಷ್ಟೋ ಜನ ಇದರಿಂದ ಆಚೆ ಬಂದಿದ್ದಾರೆ, ಅವರನ್ನು ದಿನಾ ನೋಡುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸತ್ತರು. ನೂರರಲ್ಲಿ 73 ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ. ಮದ್ಯದಿಂದ 2019ರಲ್ಲಿ ಸತ್ತವರು ಸುಮಾರು 26 ಲಕ್ಷ. ಶ್ರೀಮಂತ ದೇಶಗಳೂ ಪಾರಾಗಿಲ್ಲ. ಅಮೆರಿಕದಲ್ಲಿ ಕಾಲೇಜು ಓದದ ನಡುವಯಸ್ಸಿನ ಬಿಳಿಯರು ಆತ್ಮಹತ್ಯೆ, ಡ್ರಗ್ಸ್ ಮತ್ತು ಕುಡಿತದಿಂದ ಹೆಚ್ಚು ಹೆಚ್ಚು ಸಾಯುತ್ತಿದ್ದಾರೆ ಅಂತ ಆನ್ ಕೇಸ್ ಮತ್ತು ಆಂಗಸ್ ಡೀಟನ್ 2015ರಲ್ಲೇ ತೋರಿಸಿದರು. ಅವರಿಬ್ಬರೂ ವೈದ್ಯರಲ್ಲ, ಅರ್ಥಶಾಸ್ತ್ರಜ್ಞರು.

ಇದು ಹಣೆಬರಹವೇನಲ್ಲ, ಸಚಿವರೇ. 1990ರ ದಶಕದ ಆರಂಭದಲ್ಲಿ ಸ್ವೀಡನ್‌ನಲ್ಲಿ ನಿರುದ್ಯೋಗ ದಿಢೀರನೆ ಏರಿತು. ಆದರೂ ಆತ್ಮಹತ್ಯೆ ಏರಲಿಲ್ಲ. ಕೆಲಸ ಕಳೆದುಕೊಂಡವರನ್ನು ಮತ್ತೆ ಕೆಲಸಕ್ಕೆ ಹಚ್ಚಲು ಆ ದೇಶ ಧಾರಾಳವಾಗಿ ಖರ್ಚು ಮಾಡುತ್ತಿತ್ತು. ಯುರೋಪಿನ 26 ದೇಶಗಳ ಅಂಕಿಅಂಶ ನೋಡಿದ 2009ರ ಅಧ್ಯಯನವೊಂದು, ಹೀಗೆ ಖರ್ಚು ಮಾಡಿದ ಕಡೆ ನಿರುದ್ಯೋಗದಿಂದ ಆತ್ಮಹತ್ಯೆ ಹೆಚ್ಚುವುದು ಕಡಿಮೆ ಅಂತ ಕಂಡುಕೊಂಡಿತು. ಇಂಡೋನೇಷ್ಯಾದಲ್ಲಿ ಬಡ ಕುಟುಂಬಗಳಿಗೆ ನೇರವಾಗಿ ಹಣ ಕೊಟ್ಟ ಮೇಲೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ. 18ರಷ್ಟು ಇಳಿಯಿತು. ಯಾವ ಮಾತ್ರೆಯನ್ನೂ ಕೊಡದೆ!

"ದುಡ್ಡು ಕೊಟ್ಟರೆ ಕುಡಿದೇ ಹಾಳು ಮಾಡ್ತಾರೆ" ಅನ್ನುವ ಮಾತು ಈ ಹೊತ್ತಿಗೆ ಯಾರಾದರೂ ನಿಮ್ಮ ಕಿವಿಗೆ ಹಾಕಿರುತ್ತಾರೆ. ಬೇರೆ ಬೇರೆ ದೇಶಗಳ 19 ಅಧ್ಯಯನಗಳನ್ನು ಡೇವಿಡ್ ಇವಾನ್ಸ್ ಮತ್ತು ಅನ್ನಾ ಪೊಪೋವಾ ಒಟ್ಟಿಗಿಟ್ಟು ನೋಡಿದರು. ನೆರವಿನ ಹಣದಿಂದ ಹೆಂಡ, ತಂಬಾಕಿನ ಖರ್ಚು ಹೆಚ್ಚಿರಲಿಲ್ಲ. ಈ ಮಾತು ಹೇಳಿ ಬಡವರ ಬಾಯಿ ಮುಚ್ಚಿಸಿದ್ದು ಸಾಕು.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ವ್ಯಸನಮುಕ್ತಿ ಕೇಂದ್ರದ, ಪ್ರತಿ ಸರ್ಕಾರಿ ಆಸ್ಪತ್ರೆಯ ಫಾರಂನಲ್ಲಿ ಸಾಲ ಮತ್ತು ಕೆಲಸದ ಪ್ರಶ್ನೆ ಇರಲಿ. ಕೇಳಿ ಸುಮ್ನೆ ಬರೆದುಕೊಂಡರೆ ಪ್ರಯೋಜನವಿಲ್ಲ, ಅಲ್ವಾ? ಅದೇ ಕಟ್ಟಡದಲ್ಲಿ ಸಾಲದ ಕಾಗದ ಓದಿ, ವಸೂಲಿಯವರ ಜೊತೆ ಮಾತಾಡಿ, ಕಂತು ಮರುಹೊಂದಿಸಿಕೊಡುವ ಒಬ್ಬರು ಇರಬೇಕು. ಸರ್ಕಾರದ ಯಾವ ನೆರವು ಸಿಗುತ್ತದೆ ಅಂತ ಹೇಳಿ, ಅರ್ಜಿಯನ್ನೂ ಅವರೇ ತುಂಬಿಸಿಕೊಡಲಿ. ಚಿಕಿತ್ಸೆ ಮುಗಿಸಿ ಮನೆಗೆ ಹೋದ ಮನುಷ್ಯನಿಗೆ ಅದೇ ಫೋನ್, ಅದೇ ಕರೆಗಳು ಕಾದಿದ್ದರೆ ಅವನು ಎಷ್ಟು ದಿನ ಕುಡಿಯದೆ ಇದ್ದಾನು?

ಮತ್ತೊಂದು. ನಮ್ಮ ಸಿಬ್ಬಂದಿಗೇ ಆತ್ಮಹತ್ಯೆಯ ಬಗ್ಗೆ ನೇರವಾಗಿ ಕೇಳಲು ಭಯ. ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಅಂತ. ಹಾಗಾಗುವುದಿಲ್ಲ. "ಸಾಯಬೇಕು ಅನ್ನಿಸ್ತಿದೆಯಾ?" ಅಂತ ಪ್ರೀತಿಯಿಂದ ಕೇಳಿದಾಗ ಎಷ್ಟೋ ಜನ ಮೊದಲ ಸಲ ಬಾಯಿ ಬಿಡುತ್ತಾರೆ. ಹೀಗೆ ಕೇಳುವುದನ್ನು ನರ್ಸ್‌ಗಳಿಗೆ, ಕಾರ್ಮಿಕ ಇಲಾಖೆಯ ಗುಮಾಸ್ತರಿಗೆ, ಸಾಲ ಕೊಡುವವರ ಸಿಬ್ಬಂದಿಗೂ ಕಲಿಸಿ.

ಮುಂದಿನ ಬಜೆಟ್‌ಗೆ ಮೊದಲು ಕಾರ್ಮಿಕ, ಹಣಕಾಸು, ಅಬಕಾರಿ ಸಚಿವರನ್ನು ಒಂದೇ ಮೇಜಿಗೆ ಕರೆಯಿರಿ. ಕರೆಯುವ ಕೆಲಸ ನಿಮ್ಮದೇ. ಆ ಸಭೆ ಯಾವಾಗ ಅಂತ ತಿಳಿಸಿದರೆ ನಮ್ಮ ಫಾರಂನ ಒಂದು ಪ್ರತಿ ಕಳಿಸಿಕೊಡುತ್ತೇನೆ.

ಇಂತಿ,
ಒಬ್ಬ ಆಪ್ತ ಸಮಾಲೋಚಕಿ