ಗೇಮ್‌ಗೆ ದುಡ್ಡು ಹಾಕಿದವರಿಗೆ ಗ್ರಾಹಕರ ಹಕ್ಕು ಕೊಡಿ

ಮಾನ್ಯ ಸಂಪಾದಕರೇ,

ಇನ್ನೂ ತಯಾರಾಗದ ವಿಡಿಯೋ ಗೇಮ್‌ಗೆ ಕ್ರೌಡ್‌ಫಂಡಿಂಗ್ (ಇಂಟರ್‌ನೆಟ್‌ನಲ್ಲಿ ತುಂಬ ಜನರಿಂದ ಸ್ವಲ್ಪ ಸ್ವಲ್ಪ ಹಣ ಕೂಡಿಸುವುದು) ಮೂಲಕ ಮೊದಲೇ ದುಡ್ಡು ಹಾಕುವ ಹುಡುಗರು ನಮ್ಮ ಬೆಳಗಾವಿಯ ಕಾಲೇಜುಗಳಲ್ಲೂ ಇದ್ದಾರೆ. ತಾವು ಆ ಕಂಪನಿಯ ಹೂಡಿಕೆದಾರರು ಅಂತಲೇ ಕೆಲವರು ನಂಬಿದ್ದಾರೆ. ನನ್ನ ಪ್ರಕಾರ ಅವರು ಮುಂಗಡ ಕೊಟ್ಟ ಗ್ರಾಹಕರು. ಕಾನೂನೂ ಅವರನ್ನು ಹಾಗೇ ನೋಡಬೇಕು.

ಹೂಡಿಕೆ ಅಂದರೇನು ಅಂತ ನಮ್ಮ ಜಿಲ್ಲೆಯ ಕಬ್ಬು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಸಹಕಾರಿ ಸಕ್ಕರೆ ಕಾರ್ಖಾನೆಯಲ್ಲಿ ಶೇರು ಇದ್ದವರಿಗೆ ವಾರ್ಷಿಕ ಸಭೆಯ ನೋಟಿಸ್ ಬರುತ್ತದೆ. ಆಡಳಿತ ಮಂಡಳಿಯ ಚುನಾವಣೆಯಲ್ಲಿ ವೋಟು ಇರುತ್ತದೆ. ಲೆಕ್ಕ ಸರಿ ಇಲ್ಲದಿದ್ದರೆ ಸಭೆಯಲ್ಲಿ ಎದ್ದು ನಿಂತು ಕೇಳಬಹುದು. ಹೀಗೆ ಹಣ ಕೂಡಿಸುವ ಕಿಕ್‌ಸ್ಟಾರ್ಟರ್‌ನಂಥ ವೆಬ್ ತಾಣದಲ್ಲಿ ದುಡ್ಡು ಹಾಕಿದವನಿಗೆ ಇದ್ಯಾವುದೂ ಇಲ್ಲ.

ನನ್ನ ತಂಗಿಯ ಮಗ ಹೀಗೇ ಒಂದು ಗೇಮ್‌ಗೆ ದುಡ್ಡು ಕೊಟ್ಟಿದ್ದ. ಗೇಮ್‌ನ ಒಂದು ಪ್ರತಿ, ಅದರ ಚಿತ್ರಗಳ ಪುಸ್ತಕ, ಆಟ ಮುಗಿದ ಮೇಲೆ ಓಡುವ ಪಟ್ಟಿಯಲ್ಲಿ ಅವನ ಹೆಸರು, ಇಷ್ಟು ಕೊಡುತ್ತೇವೆ ಅಂದಿದ್ದರು. ಮೊದಮೊದಲು ಹೊಸ ಪಾತ್ರಗಳ ಚಿತ್ರ ಹಾಕಿ ಇಮೇಲ್ ಕಳಿಸುತ್ತಿದ್ದರು. ಆಮೇಲೆ ಅದೂ ನಿಂತಿತು. ಕೇಳಿದರೆ, ರಿಸ್ಕ್ ಗೊತ್ತಿದ್ದೇ ಕೊಟ್ಟಿದ್ದೀರಿ ಎಂಬ ಉತ್ತರ. ನಷ್ಟವಾದರೆ ಇವನೂ ಹೊರಬೇಕು, ಲಾಭ ಬಂದರೆ ಇವನಿಗೆ ಪಾಲಿಲ್ಲ. ಇದು ಅನ್ಯಾಯ ಅಲ್ವಾ?

ಲಾಭ ಬಂದಾಗ ಏನಾಗುತ್ತದೆ ಅನ್ನುವುದಕ್ಕೆ ಆಕ್ಯುಲಸ್ ಸಾಕ್ಷಿ. ಆಟದ ಲೋಕದೊಳಗೇ ಇರುವಂತೆ ತೋರಿಸುವ, ಕಣ್ಣಿಗೆ ಕಟ್ಟಿಕೊಳ್ಳುವ ಆ ವಿಆರ್ ಹೆಡ್‌ಸೆಟ್‌ಗೆ 2012ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಸುಮಾರು 9,500 ಜನ ಸೇರಿ 24 ಲಕ್ಷ ಡಾಲರ್ ಕೊಟ್ಟರು. ಎರಡೇ ವರ್ಷಕ್ಕೆ ಫೇಸ್‌ಬುಕ್ ಆ ಕಂಪನಿಯನ್ನು 200 ಕೋಟಿ ಡಾಲರ್‌ಗೆ ಕೊಳ್ಳಲು ಮುಂದಾಯಿತು. ಮೊದಲು ದುಡ್ಡು ಕೊಟ್ಟವರಿಗೆ ಅದರಲ್ಲಿ ಒಂದು ಪೈಸೆಯೂ ಬರಲಿಲ್ಲ. ಆಗ ದುಡ್ಡು ಕೊಟ್ಟು ಹೆಡ್‌ಸೆಟ್‌ನ ಶುರುವಿನ ಮಾದರಿ ಪಡೆದವರಿಗೆ 2016ರಲ್ಲಿ ಹೊಸ ಹೆಡ್‌ಸೆಟ್ ಪುಕ್ಕಟೆ ಕೊಟ್ಟರು, ನಿಜ. ಆದರೆ ಅದನ್ನು ಹಕ್ಕಿನಿಂದ ಕೇಳಿ ಪಡೆಯುವ ಹಾಗಿರಲಿಲ್ಲ. ಅಮೆರಿಕದಲ್ಲೇ 2015ರಲ್ಲಿ ಶುರುವಾದ ಫಿಗ್ ಎಂಬ ತಾಣ ಇವೆರಡನ್ನೂ ಬೇರೆ ಮಾಡಿತ್ತು. ಗೇಮ್ ಬೇಕಾದವರು ಒಂದು ಕಡೆ, ಗಳಿಕೆಯಲ್ಲಿ ಪಾಲು ಬೇಕಾದವರು ಇನ್ನೊಂದು ಕಡೆ. ಯಾರಿಗೂ ಗೊಂದಲ ಇರಲಿಲ್ಲ.

ಗ್ರಾಹಕರ ಕಾನೂನು ಇಲ್ಲಿ ಕೆಲಸಕ್ಕೆ ಬರುತ್ತದೆ ಅನ್ನುವುದನ್ನು ಅಮೆರಿಕದ ವಾಷಿಂಗ್ಟನ್ ರಾಜ್ಯ ತೋರಿಸಿದೆ. ಕಿಕ್‌ಸ್ಟಾರ್ಟರ್‌ನಲ್ಲಿ ದುಡ್ಡು ಎತ್ತಿ ಇಸ್ಪೀಟ್ ಎಲೆ ಕಳಿಸದವನ ಮೇಲೆ ಅಲ್ಲಿನ ಅಟಾರ್ನಿ ಜನರಲ್ (ರಾಜ್ಯ ಸರ್ಕಾರದ ಮುಖ್ಯ ವಕೀಲರು) 2014ರಲ್ಲಿ ಕೇಸು ಹಾಕಿದರು. ಮರುವರ್ಷ ಕೋರ್ಟು ದಂಡ, ಖರ್ಚು, ಪರಿಹಾರ ಎಲ್ಲ ಸೇರಿಸಿ 54,000 ಡಾಲರ್‌ಗಿಂತ ಜಾಸ್ತಿ ಕಟ್ಟಲು ಹೇಳಿತು.

ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನಾವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಆದರೆ ಹೊರದೇಶದ ತಾಣ, ಇನ್ನೂ ತಯಾರಾಗದ ಗೇಮ್ ಅಂದರೆ ಹುಡುಗರು ಅಲ್ಲಿಗೆ ಹೋಗುವ ಧೈರ್ಯವನ್ನೇ ಮಾಡುವುದಿಲ್ಲ. ಆದ್ದರಿಂದ ಕೇಂದ್ರ ಸರ್ಕಾರ 2020ರ ಇ-ಕಾಮರ್ಸ್ ನಿಯಮಗಳಲ್ಲಿ ಕ್ರೌಡ್‌ಫಂಡಿಂಗ್ ಹೆಸರನ್ನು ಸ್ಪಷ್ಟವಾಗಿ ಸೇರಿಸಲಿ. ಗೇಮ್ ತಡವಾದರೆ ಕಾಯೋಣ, ಸಣ್ಣ ತಂಡಗಳ ಕಷ್ಟ ನಮಗೂ ಅರ್ಥವಾಗುತ್ತದೆ. ಆದರೆ ಕೂಡಿದ ಹಣವನ್ನು ಒಂದೇ ಸಲ ಕೈಗೆ ಕೊಡದೆ, ಕೆಲಸ ಆದ ಹಾಗೆ ಕಂತಿನಲ್ಲಿ ಕೊಡುವ ನಿಯಮ ಬರಲಿ. ಕೆಲಸ ನಿಂತರೆ ಉಳಿದ ಹಣ ಕೊಟ್ಟವರಿಗೇ ವಾಪಸ್ ಹೋಗಲಿ. ನಮ್ಮ ಭಾಗದ ಸಂಸದರು ಇದನ್ನು ಮುಂದಿನ ಅಧಿವೇಶನದಲ್ಲಿ ಎತ್ತಬೇಕು.

ಇಂತಿ,
ಒಬ್ಬ ಓದುಗ
ಟಿಳಕವಾಡಿ, ಬೆಳಗಾವಿ