ಸ್ಕೈಲೈಟ್ ಸೋರುತ್ತಿದೆ ಅಂದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ಮೆಟ್ಟಿಲ ಮೇಲಿನ ಸ್ಕೈಲೈಟ್, ಅಂದರೆ ತಾರಸಿಯಲ್ಲಿ ಬೆಳಕಿಗೆ ಬಿಟ್ಟ ಕಿಂಡಿ, ಸೋರುತ್ತಿದೆ, ಈ ಸಲವೂ ಸಿಲಿಕೋನ್ ಬಳಿಸಿಬಿಡುತ್ತೇನೆ ಅಂತ ಫೋನಲ್ಲಿ ಹೇಳಿದೆಯಲ್ಲ, ಅದು ತಲೆಯಲ್ಲೇ ಕೂತಿದೆ. ಬೇಡ ಕಣೋ, ಸುಮ್ನೆ ದುಡ್ಡು ದಂಡ. ಯುಗಾದಿ ಹತ್ತಿರ ಬಂತು, ಭರಣಿ ಮಳೆಗೆ ಇನ್ನೂ ಟೈಮಿದೆ. ಈ ಒಣ ದಿನಗಳಲ್ಲೇ ಸರಿಯಾಗಿ ಮಾಡಿಸಿಬಿಡು. ನಮ್ಮ ಕಡೆ ಹೊಸ ಮನೆ ಕಟ್ಟಿಸಿದ ಎಷ್ಟೋ ಜನಕ್ಕೆ ಇದೇ ತಲೆನೋವು. ಅದಕ್ಕೇ ಎಲ್ಲರೂ ಓದುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅದು ಮಳೆ ನೀರೇ ಹೌದಾ ನೋಡಿಕೊ. ಡಿಸೆಂಬರ್‌ನಲ್ಲೂ ಬೆಳಗ್ಗೆ ಬೆಳಗ್ಗೆ ಹನಿ ಬೀಳುತ್ತಿತ್ತು ಅಂದೆ. ಡಿಸೆಂಬರ್‌ನಲ್ಲಿ ಮಳೆ ಎಲ್ಲಿಂದ ಬರಬೇಕು? ರಾತ್ರಿ ಸ್ಕೈಲೈಟಿಗೆ ಹೊದಿಸಿದ ಶೀಟು ತಣ್ಣಗಾಗುತ್ತದೆ, ಅಡುಗೆಮನೆಯ, ಬಚ್ಚಲಿನ ಹಬೆ ಮೇಲೇರಿ ಅದರ ಒಳಮೈಗೆ ತಾಗಿ ನೀರಾಗುತ್ತದೆ. ಶೀಟಿನ ತುಂಬ ಸಣ್ಣ ಸಣ್ಣ ಹನಿ ಕೂತಿದ್ದರೆ ಅದು ಹಬೆ. ಒಂದೇ ಮೂಲೆಯಿಂದ, ಒಂದೇ ಗೆರೆಯಲ್ಲಿ ಇಳಿದರೆ ಸೋರಿಕೆ. ಹಬೆಗೆ ಸಿಲಿಕೋನ್ ಬಳಿದು ಏನೂ ಉಪಯೋಗವಿಲ್ಲ, ಗಾಳಿ ಹೋಗಲು ಜಾಗ ಬಿಡಬೇಕು ಅಷ್ಟೆ. ಅದನ್ನು ಪೂರ್ವದ ಕಡೆ ಬಿಡಿಸು. ಮುಂಗಾರಿನ ಗಾಳಿ ಪಡುವಣದಿಂದ ಬೀಸುವುದು.

ಇನ್ನು ಸೋರಿಕೆ. ಹನಿ ಬಿದ್ದ ಜಾಗದ ನೇರ ಮೇಲೇ ತೂತಿರುತ್ತದೆ ಅಂದುಕೊಳ್ಳಬೇಡ. ನೀರು ಒಂದು ಕಡೆ ಒಳಗೆ ಬಂದು, ಮೋಲ್ಡ್‌ನ, ಅಂದರೆ ಕಾಂಕ್ರೀಟ್ ತಾರಸಿಯ, ಅಡಿಯಲ್ಲೇ ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತದೆ. ಕರೆಂಟಿನ ಪೈಪ್ ಸಿಕ್ಕಿದರಂತೂ ಬಲ್ಬಿನ ಹೋಲ್ಡರ್‌ವರೆಗೂ ಹೋಗುತ್ತದೆ. ಹಾಗೇನಾದರೂ ಕಂಡರೆ ಮೊದಲು ಮೇನ್ ಸ್ವಿಚ್ ಆಫ್ ಮಾಡು. ತೂತು ಹುಡುಕಲು ಒಂದು ಉದ್ದ ಪೈಪ್ ಸಾಕು. ಕೆಳಗಡೆ ಒಬ್ಬರು ಟಾರ್ಚ್ ಹಿಡಿದು ನಿಲ್ಲಲಿ. ನೀನು ತಾರಸಿಯ ನೆಲದಿಂದ ಶುರುಮಾಡು. ಸ್ಕೈಲೈಟ್ ಸುತ್ತ ಕಟ್ಟೆಯಿದ್ದರೆ ಮೊದಲು ಅದರ ಬುಡ, ಆಮೇಲೆ ಅದರ ಮೈ, ಆಮೇಲೆ ಫ್ರೇಮು, ಕೊನೆಗೆ ಸ್ಕ್ರೂಗಳು. ಒಂದೊಂದು ಕಡೆಯೂ ಹತ್ತು ನಿಮಿಷ ನೀರು ಬಿಡು. ಮೇಲಿಂದ ಶುರುಮಾಡಿದರೆ ಎಲ್ಲ ಒಟ್ಟಿಗೆ ನೆನೆದು, ಎಲ್ಲಿಂದ ಬಂತು ಅಂತಲೇ ಗೊತ್ತಾಗುವುದಿಲ್ಲ. ಹತ್ತುವಾಗ ಶೀಟಿನ ಮೇಲೆ ಮಾತ್ರ ಕಾಲಿಡಬೇಡ ಮಾರಾಯಾ, ಅಡ್ಡ ಹಲಗೆ ಹಾಕಿಕೊ.

ಮೇಲೆ ಹೋದಾಗ ಹಳೇ ಸಿಲಿಕೋನಿನ ಅಂಚಿಗೆ ಉಗುರು ಹಾಕಿ ನೋಡು. ಗಾರೆಯ ಕಡೆ ಗಟ್ಟಿಯಾಗಿ ಅಂಟಿದ್ದರೂ ಶೀಟಿನ ಕಡೆ ಕೂದಲೆಳೆಯಷ್ಟು ಬಿಟ್ಟಿರಬಹುದು. ಆ ಸಂದಿಯೊಳಗೆ ಕೆಂಪು ದೂಳಿನ ಗೆರೆ ಇದ್ದರೆ ನೀರು ಓಡಾಡುವ ದಾರಿ ಅದೇ. ಯಾಕೆ ಬಿಡುತ್ತದೆ ಅಂದರೆ, ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಈ ಶೀಟು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. 2 ಮೀಟರ್ ಉದ್ದದ ಶೀಟು 40 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5 ಮಿಲಿಮೀಟರ್ ಸರಿಯುತ್ತದೆ. ಕಾಂಕ್ರೀಟು ಅದರ ಐದನೇ ಒಂದು ಪಾಲೂ ಹಿಗ್ಗುವುದಿಲ್ಲ. ಎರಡನ್ನೂ ಬಿಗಿಯಾಗಿ ಅಂಟಿಸಿದರೆ ದಿನಾ ಜಗ್ಗಾಟ. ಎಂಥ ಅಂಟಾದರೂ ಎಷ್ಟು ದಿನ ತಡೆದೀತು ಹೇಳು? ಅದರಲ್ಲೂ ಹುಳಿ ವಾಸನೆ ಬರುವ ಅಗ್ಗದ ಸಿಲಿಕೋನ್ ಗಾರೆಗೂ ಆಗುವುದಿಲ್ಲ, ಕಬ್ಬಿಣಕ್ಕೂ ಆಗುವುದಿಲ್ಲ, ಪಾಲಿಕಾರ್ಬೊನೇಟಿಗೂ ಆಗುವುದಿಲ್ಲ. ಬಳಸಲೇಬೇಕಾದ ಕಡೆ ನ್ಯೂಟ್ರಲ್ ಕ್ಯೂರ್ ಅಂತ ಟ್ಯೂಬಿನ ಮೇಲೆ ಬರೆದಿರುವುದನ್ನೇ ತಾ.

ನನ್ನ ಪ್ರಕಾರ ನೀರನ್ನು ಅಂಟಿನಿಂದ ತಡೆಯಲು ಹೋಗಲೇಬಾರದು, ಅದಕ್ಕೆ ಹೋಗಲು ದಾರಿ ಮಾಡಿಕೊಡಬೇಕು. ನಮ್ಮ ಚಿತ್ರದುರ್ಗದ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗಿನ ಹೊಂಡಗಳಿಗೆ. ಬಂಡೆಯ ಇಳಿಜಾರು ನೋಡಿ ಕಟ್ಟಿದ ಏರ್ಪಾಡು ಅದು. ತಾರಸಿಯ ಮೇಲೂ ಅಷ್ಟೆ. ಹಳೇ ಮಾಳಿಗೆ ಮನೆಗಳ ಬೆಳಕಿಂಡಿ ನೆನಪಿದೆಯಲ್ವಾ? ಕರಲು ಮಣ್ಣಿನ ಮಾಳಿಗೆಗಿಂತ ಅದರ ಬಾಯಿ ಎತ್ತರದಲ್ಲೇ ಇರುತ್ತಿತ್ತು. ಈಗ ಕಂಟ್ರಾಕ್ಟರುಗಳು ಮೋಲ್ಡ್‌ನಲ್ಲಿ ತೂತು ಬಿಟ್ಟು, ಅದರ ಮೇಲೆ ಶೀಟನ್ನು ಚಪ್ಪಟೆಯಾಗಿ ಮಲಗಿಸಿ ಹೋಗುತ್ತಾರೆ. ನಮ್ಮ ಮನೆಯಲ್ಲೂ ಮಾಡಿದ್ದು ಅದನ್ನೇ.

ನೀನು ಗೌಂಡಿಗೆ ಹೇಳಿ ಸುತ್ತ ಕಟ್ಟೆ ಎತ್ತಿಸು. ತಾರಸಿಯಿಂದ 6 ಇಂಚಿಗೆ ಕಡಿಮೆ ಬೇಡ, 9 ಇದ್ದರೆ ಇನ್ನೂ ಒಳ್ಳೆಯದು. ಬುಡದಲ್ಲಿ ಹಳೇ ಗಾರೆ ಕೆತ್ತಿಸಿ ಸಿಮೆಂಟ್ ಹಾಲು ಬಳಿದ ಮೇಲೇ ಕಟ್ಟಲಿ, ಇಲ್ಲದಿದ್ದರೆ ಹಳೆಯದಕ್ಕೂ ಹೊಸದಕ್ಕೂ ನಡುವೆ ಬಿರುಕು ಬಿಡುತ್ತದೆ. ಕಟ್ಟೆಯೂ ತಾರಸಿಯೂ ಕೂಡುವ ಮೂಲೆಗೆ ಗಾರೆ ತುಂಬಿ ಇಳಿಜಾರು ಮಾಡಿಸು. ನೀರುಣಿಸಿ ಚೆನ್ನಾಗಿ ಒಣಗಿದ ಮೇಲೆ ವಾಟರ್‌ಪ್ರೂಫ್ ಕೋಟಿಂಗ್, ಮೂಲೆಯಲ್ಲಿ ನಡುವೆ ಫೈಬರ್ ಬಲೆ ಇಟ್ಟು ಎರಡು ಸಲ ಹೊಡೆಸು.

ಕಟ್ಟೆಯ ಒಂದು ಬದಿ ಎತ್ತರ ಇರಲಿ, ಅಡಿಗೆ ಒಂದು ಇಂಚಾದರೂ ಇಳಿಜಾರು ಬೇಕು. ಶೀಟಿನ ಸ್ಕ್ರೂ ತೂತು ಸ್ಕ್ರೂಗಿಂತ ದೊಡ್ಡದಿರಲಿ, ಮೇಲೆ ರಬ್ಬರ್ ವಾಷರ್. ತೀರಾ ಬಿಗಿ ಮಾಡಲು ಬಿಡಬೇಡ, ಶೀಟು ಸರಿಯಲು ಜಾಗ ಬೇಕು. ಹೊಸ ಶೀಟಿಗೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಯಾವ ಮೈ ಬಿಸಿಲಿಗೆ ಅಂತ ಬರೆದಿರುತ್ತದೆ, ಹಾಳೆ ಕಿತ್ತು ಎಸೆಯುವ ಮೊದಲೇ ಗುರುತು ಮಾಡಿಸು. ತಿರುಗುಮುರುಗಾದರೆ ಬೇಗ ಹಳದಿಯಾಗುತ್ತದೆ. ಪೊಳ್ಳು ಶೀಟಾದರೆ ಅದರ ಕೊಳವೆಗಳು ಇಳಿಜಾರಿನ ದಿಕ್ಕಿಗೇ ಇರಬೇಕು, ತುದಿಗೆ ಟೇಪ್ ಹಾಕಿಸಬೇಕು. ಇಲ್ಲದಿದ್ದರೆ ಒಳಗೆ ಪಾಚಿ ಕಟ್ಟುತ್ತದೆ. ಗಾಜು ಹಾಕಿಸುವುದಾದರೆ ಲ್ಯಾಮಿನೇಟೆಡ್ ಗಾಜೇ ಆಗಬೇಕು, ಒಡೆದರೂ ಚೂರು ಮಕ್ಕಳ ತಲೆ ಮೇಲೆ ಬೀಳುವುದಿಲ್ಲ.

ನಮ್ಮದು ಬಯಲುಸೀಮೆ, ಮಳೆಯೇ ಕಡಿಮೆ, ಇಷ್ಟೆಲ್ಲ ಯಾಕೆ ಅಂತ ನಿಮ್ಮ ಗೌಂಡಿ ಹೇಳಬಹುದು. ಮಳೆ ಕಡಿಮೆಯೇ, ಆದರೆ ಗಾಳಿ? ಆಷಾಢದಲ್ಲಿ ಇಲ್ಲಿ ಜೋಗಿಮಟ್ಟಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಜಿಟಿಜಿಟಿ ಮಳೆಯೂ ಅಡ್ಡಡ್ಡ ನುಗ್ಗಿ ಶೀಟಿನ ಅಡಿಗೆ ಹೋಗುತ್ತದೆ. ಅದಕ್ಕೇ ಶೀಟು ಎಲ್ಲ ಕಡೆ ಕಟ್ಟೆಯಿಂದ 2 ಇಂಚು ಹೊರಗೆ ಚಾಚಲಿ, ಪಡುವಣದ ಅಂಚಿಗೆ ಕೆಳಕ್ಕೆ ಮಡಚಿದ ಅಲ್ಯೂಮಿನಿಯಂ ತಗಡು ಹಾಕಿಸು. ಆಮೇಲೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಕಟ್ಟೆಯ ಹಿಂದೆ ಕೂತ ಎಲೆ ಮಣ್ಣು ಗುಡಿಸಿ ವಾಷರ್ ನೋಡಿದರೆ ಸಾಕು.

ಶೀಟು ತರುವ ಮೊದಲು ಕಟ್ಟೆಯ ಹೊರಗಿನ ಅಳತೆ ತೆಗೆದು ನನಗೆ ಕಳಿಸು. ಅಂಗಡಿಯವರು ಕೇಳಿದಾಗ ಒಳಗಿನ ಅಳತೆ ಕೊಟ್ಟುಬಿಡಬೇಡ. ಗೌಂಡಿ ಬರುವ ದಿನ ಮೊದಲೇ ತಿಳಿಸಿದರೆ ಬೆಳಗಿನ ಬಸ್ಸಿಗೇ ಬರುತ್ತೇನೆ. ಅವ್ವನಿಗೆ ನಮಸ್ಕಾರ ಹೇಳು.

ಇಂತಿ ನಿನ್ನ
ದುರ್ಗದ ಗೆಳೆಯ